ಬಿಸಿನೀರಕ್ಕ ಬಂದು ನೋಡಿದ ಮೇಲೇ ತೀರ್ಮಾನ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂರನೇ ಮಹಡಿಯ ಮನೆಯೊಂದರ ಬಚ್ಚಲಲ್ಲಿ, ಸ್ಟೂಲಿನ ಮೇಲೆ ನಿಂತ ಹೆಂಗಸೊಬ್ಬರು ಗೋಡೆಯ ಗೀಸರಿಗೆ ಕಿವಿ ಹಚ್ಚಿ ಆಲಿಸುತ್ತಿದ್ದಾರೆ. ಅಂಗಿಯ ತೋಳು ಮೊಣಕೈ ದಾಟಿ ಮಡಿಚಿದೆ. ಹೆಗಲ ಚೀಲದಿಂದ ಸ್ಪ್ಯಾನರಿನ ಬಾಲ ಇಣುಕುತ್ತಿದೆ. ಬಾಗಿಲಲ್ಲಿ ಮನೆಯ ಯಜಮಾನರು ಉಸಿರು ಬಿಗಿಹಿಡಿದು ನಿಂತಿದ್ದಾರೆ.

"ಒಳಗೆ ಕಟಕಟ ಅಂತಿದೆ. ಕಾಯಿಲ್‌ಗೆ ಉಪ್ಪು ಕಟ್ಟಿರ್ಬೇಕು. ಹೊಸ ಕಾಯಿಲ್ ಹಾಕಿದ್ರೆ ಆಯ್ತು, ಯಜಮಾನ್ರೇ" ಎನ್ನುತ್ತಾರೆ ಅವರು, ಸ್ವಿಚ್ ಆರಿಸುತ್ತ. ಯಜಮಾನರ ಮುಖ ಅರಳುತ್ತದೆ. "ನಾನು ಹೇಳ್ಲಿಲ್ವಾ?" ಎಂದು ಅಡುಗೆಮನೆಯ ಕಡೆ ಕೂಗುತ್ತಾರೆ. ಅಲ್ಲಿ ಪಾತ್ರೆಯ ಸದ್ದು ಸ್ವಲ್ಪ ಜೋರಾಗುತ್ತದೆ.

ಈ ಬಡಾವಣೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಬಿಸಿನೀರಕ್ಕ ಎಂದು. ಅವರ ಬಗ್ಗೆ ಬರೆಯಲು ನಾನು ಇವತ್ತು ಅವರ ಜೊತೆಗಿದ್ದೇನೆ. ಚಳಿ ಶುರುವಾಯಿತೆಂದರೆ ಅಕ್ಕನಿಗೆ ಪುರುಸೊತ್ತಿಲ್ಲ. ನೀರು ಬಿಸಿಯಾಗದವರು, ಬಿಸಿಯಾದದ್ದು ನಿಲ್ಲದವರು, ಮುಟ್ಟಿದರೆ ಜುಮ್ಮೆನ್ನುತ್ತದೆ ಎನ್ನುವವರು ಎಲ್ಲರೂ ಬೆಳಗಾಗುವ ಮುಂಚೆಯೇ ಫೋನ್ ಮಾಡುತ್ತಾರೆ. ಫೋನ್ ಎತ್ತುವುದು ಅಕ್ಕನ ಗಂಡ. ಒಂದು ಕಾಲಕ್ಕೆ ಈ ಕೆಲಸ ಮಾಡುತ್ತಿದ್ದವರೂ ಅವರೇ. ಏಣಿಯಿಂದ ಬಿದ್ದ ಮೇಲೆ ಅವರ ಬಲಗೈ ಎದೆಮಟ್ಟಕ್ಕಿಂತ ಮೇಲೇಳುವುದಿಲ್ಲ. ಗೀಸರುಗಳೋ, ಎಲ್ಲವೂ ತಲೆಗಿಂತ ಮೇಲೆಯೇ ಇರುತ್ತವೆ.

"ಇವ್ರು ಹಾಸಿಗೆ ಹಿಡಿದಾಗ ಮಂಚದ ಮೇಲೆ ಇವ್ರ ಪಕ್ಕದಲ್ಲೇ ಒಂದು ಹಳೇ ಗೀಸರ್ ಮಲಗಿಸ್ಕೊಂಡ್ವಿ. ಇವ್ರು ಬಾಯಲ್ಲಿ ಹೇಳೋದು, ನಾನು ಬಿಚ್ಚೋದು, ಜೋಡಿಸೋದು. ಮಕ್ಕಳು ಅದನ್ನ ತಮ್ಮ ಅಂತ ಕರೆಯೋಕೆ ಶುರು ಮಾಡಿದ್ರು" ಎಂದು ನಗುತ್ತಾರೆ ಅಕ್ಕ. ಮೊದಮೊದಲು ಜನ ಬಾಗಿಲು ತೆರೆದು ಇವರ ಬೆನ್ನ ಹಿಂದೆ ಇಣುಕುತ್ತಿದ್ದರಂತೆ, ಮೆಕ್ಯಾನಿಕ್ ಎಲ್ಲಿ ಎಂದು. "ಒಂದ್ಸಲ ನಾನೂ ತಿರುಗಿ ನೋಡಿದೆ. ಪಾಪ, ಅವರೊಬ್ಬರೇ ಯಾಕೆ ಹುಡುಕಬೇಕು ಅಂತ."

ಮೆಟ್ಟಿಲು ಹತ್ತಿ ಹತ್ತಿ ಮಂಡಿ ಸವೆದಿದೆ. ಮುಂಗೈ ಮೇಲೆ ಸುಟ್ಟ ಕಲೆಗಳಿವೆ. ಅದಕ್ಕಿಂತ ಹೆಚ್ಚಾಗಿ ಅಕ್ಕನನ್ನು ಹಣಿದದ್ದು ಜನರ ಅನುಮಾನ. "ರಿಪೇರಿ ಮಾಡ್ತೀನಿ ಅಂದ್ರೆ, ಮತ್ತೆ ಮತ್ತೆ ಬರೋಕೆ ದಾರಿ ಮಾಡ್ಕೋತಿದ್ದಾಳೆ ಅಂತಾರೆ. ಹೊಸದು ತಗೊಳ್ಳಿ ಅಂದ್ರೆ, ಅಂಗಡಿಯವನ ಕಡೆಯವಳು ಅಂತಾರೆ. ಏನೂ ಮಾತಾಡದೆ ನೋಡ್ತಾ ನಿಂತ್ರೆ, ಇವಳಿಗೇನೂ ಗೊತ್ತಿಲ್ಲ ಅಂತಾರೆ."

ಇವತ್ತಿನ ಮನೆಯಲ್ಲಿ ಅವಸರವಿದೆ. ಯಜಮಾನರ ಮಗಳು ಸಂಜೆ ಹಸುಗೂಸಿನೊಂದಿಗೆ ಆಸ್ಪತ್ರೆಯಿಂದ ಬರುತ್ತಾಳೆ. ಅಷ್ಟರೊಳಗೆ ನಲ್ಲಿಯಲ್ಲಿ ಬಿಸಿನೀರು ಬರಬೇಕು. ಅಕ್ಕ ಟ್ಯಾಂಕಿನ ನೀರನ್ನು ಬಕೆಟ್ಟಿಗೆ ಇಳಿಸುತ್ತಾರೆ. ನೀರು ಚಹಾದ ಬಣ್ಣಕ್ಕಿದೆ. ಕಾಯಿಲ್ ಬಿಚ್ಚಿ ಎಳೆದಾಗ ಅದರ ಹಿಂದೆಯೇ ತುಕ್ಕಿನ ಹಕ್ಕಳೆಗಳು ಪೊರೆಪೊರೆಯಾಗಿ ಉದುರುತ್ತವೆ. ಟಾರ್ಚ್ ಬಿಟ್ಟು ಒಳಗೆ ನೋಡುತ್ತಾರೆ. ಹೊರಗವಚ ಸಡಿಲಿಸಿ, ಟ್ಯಾಂಕಿನ ಸುತ್ತಲಿನ ಸ್ಪಂಜನ್ನು ಒತ್ತುತ್ತಾರೆ. ಬೆರಳ ಸಂದಿಯಿಂದ ನೀರು ಸುರಿಯುತ್ತದೆ.

ಆಮೇಲೆ ಅವರ ಕಣ್ಣು ಕೆಳಗಿನ ಸೇಫ್ಟಿ ವಾಲ್ವಿನ ಮೇಲೆ ಬೀಳುತ್ತದೆ. ಅದರ ಬಾಯಿಗೆ ಯಾರೋ ನೀಟಾಗಿ ಕೆತ್ತಿದ ಮರದ ಬೆಣೆ ಜಡಿದಿದ್ದಾರೆ. ಅಕ್ಕ ಸ್ಟೂಲಿನಿಂದ ಇಳಿದು ಅದರ ಮೇಲೆಯೇ ಕೂತುಬಿಡುತ್ತಾರೆ.

"ಇದನ್ನ ಯಾರು ಹೊಡೆದಿದ್ದು?"

"ನಾನೇ" ಎನ್ನುತ್ತಾರೆ ಯಜಮಾನರು, ಸ್ವಲ್ಪ ಹೆಮ್ಮೆಯಿಂದಲೇ. "ಹಗಲೂ ರಾತ್ರಿ ತೊಟ್ಟಿಕ್ತಿತ್ತು. ಬಾಯಿ ಮುಚ್ಚಿಸ್ದೆ."

ಯಜಮಾನರು ಬಸ್ ಓಡಿಸಿ ನಿವೃತ್ತರಾದವರು. ಅಕ್ಕನಿಗೆ ಅದು ಗೊತ್ತು. ದನಿ ಏರಿಸದೆ ಹೇಳುತ್ತಾರೆ: "ನೀರು ಜಾಸ್ತಿ ಕಾದ್ರೆ ಒಳಗಿನ ಒತ್ತಡ ಹೊರಗೆ ಹೋಗೋಕೆ ಇರೋದು ಇದೊಂದೇ ದಾರಿ. ಬ್ರೇಕ್ ಕೀರಲು ಸದ್ದು ಮಾಡ್ತಿದೆ ಅಂತ ಬ್ರೇಕನ್ನೇ ಕಿತ್ತಿಟ್ಟು ಬಸ್ ಓಡಿಸಿದ ಹಾಗಾಯ್ತು ಇದು. ಇಷ್ಟು ದಿನ ಏನೂ ಆಗ್ಲಿಲ್ಲ, ನಮ್ಮ ಪುಣ್ಯ."

ಯಜಮಾನರು ಬಚ್ಚಲ ಗೋಡೆಗೆ ಒರಗುತ್ತಾರೆ. ಸಣ್ಣ ದನಿಯಲ್ಲಿ ಕೇಳುತ್ತಾರೆ: "ವಾಲ್ವ್ ಬದಲಾಯಿಸು. ಕಾಯಿಲ್ ಹೇಗೂ ತಂದಿದ್ದೀಯ. ಆಗ ಸರಿಹೋಗತ್ತೆ ತಾನೇ?"

"ಆಗಲ್ಲ. ಕಾಯಿಲ್, ವಾಲ್ವ್ ಎರಡೂ ಬದಲಾಯಿಸಬಹುದು. ಟ್ಯಾಂಕೇ ತೂತು ಬಿದ್ದಿದೆ, ಅದಕ್ಕೆ ತೇಪೆ ಇಲ್ಲ. ಬಿಚ್ಚೋಕೆ ಮುಂಚೆ ರಿಪೇರಿ ಆಗತ್ತೆ ಅಂದೆ, ನಾನು ಅಂದಾಜು ಮಾಡಿದ್ದು ತಪ್ಪಾಯ್ತು. ಹೊಸದೇ ತರ್ಬೇಕು. ಎಲ್ಲಿಂದಾದ್ರೂ ತನ್ನಿ, ನನಗೆ ಯಾವ ಅಂಗಡಿಯವನೂ ನೆಂಟನಲ್ಲ."

ಯಜಮಾನರು ಒಪ್ಪುವುದಿಲ್ಲ. ಕಾರಣ ನಿಧಾನಕ್ಕೆ ಹೊರಬೀಳುತ್ತದೆ. ಈ ಗೀಸರ್ ಅಂಗಡಿಯಲ್ಲಿ ಕೊಂಡದ್ದಲ್ಲ. ಅವರ ಹೆಂಡತಿ ಬಡಾವಣೆಯ ಹೆಂಗಸರ ಓಟದ ಸ್ಪರ್ಧೆಯಲ್ಲಿ ಮೊದಲು ಬಂದು ಗೆದ್ದ ಬಹುಮಾನ. "ಆಗಲೇ ಇವಳಿಗೆ ಐವತ್ತು ದಾಟಿತ್ತು. ಚಿಕ್ಕ ವಯಸ್ಸಿನವರನ್ನೆಲ್ಲ ಹಿಂದೆ ಹಾಕಿ ಓಡಿದ್ಲು. ನಾನು ಗೆರೆ ಹತ್ರ ನಿಂತು ನೋಡಿದ್ದೀನಿ. ಇದನ್ನ ಗುಜರಿಗೆ ಹಾಕು ಅಂತೀಯಲ್ಲಮ್ಮ" ಎನ್ನುತ್ತ ಅವರು ಕಣ್ಣೊರೆಸಿಕೊಳ್ಳುತ್ತಾರೆ.

ಅಷ್ಟರಲ್ಲಿ ಅಡುಗೆಮನೆಯಿಂದ ಯಜಮಾನಿ ಕೈ ಒರೆಸಿಕೊಳ್ಳುತ್ತ ಬರುತ್ತಾರೆ. "ಓಡಿದ್ದು ನಾನು, ಗೆದ್ದಿದ್ದು ನಾನು. ಕಣ್ಣೀರು ಮಾತ್ರ ಇವರದ್ದು" ಎನ್ನುತ್ತಾರೆ. ಗಂಡನ ತೋಳು ಹಿಡಿಯುತ್ತಾರೆ: "ರೀ, ನಾನು ಇನ್ನೂ ಇಲ್ಲೇ ಇದ್ದೀನಲ್ಲ. ಕೂಸು ಬರೋ ಮನೇಲಿ ಇದು ಬೇಡ. ಚಪ್ಪಲಿ ಹಾಕ್ಕೊಳ್ಳಿ, ಅಂಗಡಿಗೆ ಹೋಗೋಣ."

ಯಜಮಾನರು ಅಕ್ಕನ ಕಡೆ ತಿರುಗಿ, "ಈ ಗೀಸರಿನ ಕೆಂಪು ದೀಪ ಬಿಚ್ಚೋಕಾಗತ್ತಾ?" ಎಂದು ಕೇಳುತ್ತಾರೆ. ಕಡಲೆಕಾಳಿನಷ್ಟು ದೀಪ ಅದು. ಅಕ್ಕ ಅದನ್ನು ಬಿಚ್ಚಿ, ಒರೆಸಿ, ಅವರ ಅಂಗೈಗಿಡುತ್ತಾರೆ. ಅದು ಅಂಗಿಯ ಜೇಬು ಸೇರುತ್ತದೆ. ಯಜಮಾನಿ ನೋಡಿಯೂ ನೋಡದ ಹಾಗೆ ಚೀಲ ಹುಡುಕಲು ಹೋಗುತ್ತಾರೆ.

ಮಧ್ಯಾಹ್ನಕ್ಕೆ ಹೊಸ ಗೀಸರ್ ಗೋಡೆ ಏರುತ್ತದೆ. ವಾಲ್ವಿನ ಬಾಯಿಗೆ ಅಕ್ಕ ಒಂದು ಸಣ್ಣ ಪೈಪು ಸಿಕ್ಕಿಸಿ, ತೊಟ್ಟಿಕ್ಕುವ ನೀರು ಸದ್ದಿಲ್ಲದೆ ಬಕೆಟ್ಟಿಗೆ ಬೀಳುವಂತೆ ಮಾಡುತ್ತಾರೆ. ಸಂಜೆ ಕತ್ತಲಾಗುವ ಹೊತ್ತಿಗೆ, ನಾವು ಅಕ್ಕನ ಮನೆಯಲ್ಲಿರುವಾಗ, ಫೋನ್ ಬರುತ್ತದೆ. ಆ ಕಡೆಯಿಂದ ಮೊದಲು ಕೇಳುವುದು ಕೂಸಿನ ಅಳು, ಆಮೇಲೆ ಯಜಮಾನರ ದನಿ: "ಕೇಳಿಸ್ತಾ? ಸ್ನಾನ ಆಯ್ತು. ಬಿಸಿ ಹದವಾಗಿತ್ತು. ಅವನು ಅಳ್ತಿರೋದು ನೀರಿನಿಂದ ಎತ್ತಿದ್ದಕ್ಕೆ." ಅಕ್ಕ ಫೋನನ್ನು ಗಂಡನ ಕಿವಿಗೂ ಹಿಡಿಯುತ್ತಾರೆ. ಇಬ್ಬರೂ ಆ ಅಳುವನ್ನು ಹಾಡಿನ ಹಾಗೆ ಕೇಳುತ್ತ ಕೂರುತ್ತಾರೆ.

ಹೊರಡುವ ಮುಂಚೆ ನಾನು ಕೇಳುತ್ತೇನೆ: ನಿಮ್ಮನೇಲಿ ಯಾವ ಗೀಸರ್ ಇದೆ? ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ನಗುತ್ತಾರೆ. ಇಲ್ಲ. ಬಾಡಿಗೆ ಮನೆ. ಓನರಮ್ಮ ಒಳ್ಳೆಯವರೇ, ಗೋಡೆಯ ವಿಷಯಕ್ಕೆ ಮಾತ್ರ ಮೊಳೆ ಹೊಡೆಯಲೂ ಬಿಡುವವರಲ್ಲ. ಇಲ್ಲಿ ನೀರು ಕಾಯುವುದು ಒಲೆಯ ಮೇಲಿನ ಪಾತ್ರೆಯಲ್ಲಿ.

"ಬೇಜಾರೇನಿಲ್ಲ" ಎನ್ನುತ್ತಾರೆ ಬಿಸಿನೀರಕ್ಕ, ಡ್ರಿಲ್ಲಿಗೆ ಅಂಟಿದ ಸಿಮೆಂಟಿನ ಪುಡಿಯನ್ನು ಬಟ್ಟೆಯಿಂದ ಒರೆಸುತ್ತ. "ಊರವರ ಗೋಡೆಗೆಲ್ಲ ತೂತು ಕೊರೆದಿದ್ದೀನಿ. ಒಂದಿನ ನಮ್ಮದು ಅನ್ನೋ ಗೋಡೆ ಆಗ್ಲಿ. ಗೀಸರ್ ನಿಧಾನಕ್ಕೆ ಬಂದ್ರೂ ಸರಿ. ತೂತು ಮಾತ್ರ ಮೊದಲನೇ ದಿನವೇ ಕೊರೀತೀನಿ, ಯಾರನ್ನೂ ಕೇಳದೆ."