ಐದು ಮರಾಠಿ ವಾಕ್ಯಗಳು

ಸದಾಶಿವ ಪೇಠದಂಥ ಹಳೇ ಮರಾಠಿ ಬಡಾವಣೆಯಲ್ಲಿ ಮರಾಠಿ ಬಾರದವರಿಗೆ ಬಾಡಿಗೆ ರೂಮು ಸಿಗುವುದಿಲ್ಲ ಎಂದು ನಮ್ಮ ಆಫೀಸಿನಲ್ಲಿ ಎಲ್ಲರೂ ನಂಬಿದ್ದರು. ನಾನು ಆ ತಿಂಗಳೇ ಹಾಸ್ಟೆಲ್ ಖಾಲಿ ಮಾಡಬೇಕಿತ್ತು. ಗುರಿ ಸ್ಪಷ್ಟವಾಗಿರಬೇಕು, ಕೈಗೆಟುಕುವಂತಿರಬೇಕು ಎಂದು ಟ್ರೇನಿಂಗಿನಲ್ಲಿ ಹೇಳಿದ್ದರು. ಹಾಗಾಗಿ ಮರಾಠಿ ಕಲಿಯುವ ಹುಚ್ಚಿಗೆ ಹೋಗದೆ, ಭಾನುವಾರದೊಳಗೆ ಐದೇ ವಾಕ್ಯ ಎಂದು ಇಟ್ಟುಕೊಂಡೆ. ಸಿಗರೇಟು ಸೇದುವುದಿಲ್ಲ, ನೀರು ಪೋಲು ಮಾಡುವುದಿಲ್ಲ, ಈ ಥರದವು.

ರೂಮು ಕೇಳಲು ಹೋಗಿ ಮನೆಯೊಡತಿ ಅಜ್ಜಿಯ ಮುಂದೆ ಐದನ್ನೂ ತಪ್ಪಿಲ್ಲದೆ ಒಪ್ಪಿಸಿದೆ. ಅವರು ಖುಷಿಯಾಗಿ ಮರಾಠಿಯಲ್ಲೇ ಏನೇನೋ ಕೇಳತೊಡಗಿದರು. ಪ್ರಶ್ನೆ ಅರ್ಥವಾಗುವುದು ನನ್ನ ಗುರಿಯಲ್ಲಿ ಸೇರಿರಲಿಲ್ಲ. ಗಾಬರಿಯಲ್ಲಿ, "ಅಜ್ಜಿ, ಸ್ವಲ್ಪ ನಿಧಾನಕ್ಕೆ ಹೇಳಿ" ಎಂದು ಕನ್ನಡವೇ ಬಾಯಿಂದ ಬಂತು.

ಅಜ್ಜಿಯ ಮುಖ ಸಪ್ಪಗಾಯಿತು. "ಕನ್ನಡದವರೇನ್ರಿ? ನಾವೂ ಧಾರವಾಡದವರ."

ನನಗೆ ಹೋದ ಜೀವ ಬಂತು. "ಹಾಗಾದರೆ ರೂಮು?"

"ಆಗಂಗಿಲ್ರಿ. ನಾನು ನಮ್ಮ ತಂಗಿ ದಿನಾ ಜಗಳಾಡೋದು ಕನ್ನಡದಾಗ. ಬಾಡಿಗಿಯವರಿಗೆ ಅದೆಲ್ಲಾ ತಿಳೀಬಾರದಲ್ರಿ."

ಚಹಾ ಕುಡಿಸಿಯೇ ಕಳಿಸಿದರು. ಆ ರೂಮು ಸಿಕ್ಕಿದ್ದು ಮರಾಠಿಯ ಒಂದಕ್ಷರವೂ ಬಾರದ ಭುವನೇಶ್ವರದವನೊಬ್ಬನಿಗೆ.