ಕೋರಂ ಇಲ್ಲದ ಸಭೆ

ನನ್ನಕ್ಕ ಪುರಸಭೆಯಲ್ಲಿ ಗುಮಾಸ್ತೆ. ಊರವರ ಸಭೆ ನಡೆದಾಗಲೆಲ್ಲ ನಡಾವಳಿ ಪುಸ್ತಕ ಬರೆಯುವುದು ಅವಳ ಕೆಲಸ. ಸಭೆ ಯಾರು ಕರೆಯಬೇಕು, ಯಾವಾಗ ಮುಂದೂಡಬೇಕು, ಎಲ್ಲ ಬಾಯಿಪಾಠ. ಮಾತೆತ್ತಿದರೆ ಕಲಂ ಹನ್ನೊಂದು, ಕಲಂ ಹದಿನಾಲ್ಕು. ಬೀದಿಯವರು ಅವಳಿಗೆ ಕಲಮಕ್ಕ ಎಂದೇ ಹೆಸರಿಟ್ಟಿದ್ದರು. ಭಾವ ಬದುಕಿದ್ದಾಗ ನನ್ನ ಸೈಕಲ್ ಅಂಗಡಿಗೆ ಬಂದು, "ನಿಮ್ಮಕ್ಕನ ಹತ್ರ ಜಗಳ ಆಡೋಕೂ ಏಳು ದಿನ ಮೊದಲೇ ನೋಟಿಸ್ ಕೊಡಬೇಕು ಕಣೋ" ಎಂದು ನಗುತ್ತಿದ್ದರು.

ಅವಳಿಗೆ ಒಬ್ಬಳೇ ಮಗಳು. ನಾವೆಲ್ಲ ಗುಬ್ಬಿ ಎನ್ನುತ್ತೇವೆ. ವಯಸ್ಸು ಹತ್ತೊಂಬತ್ತು, ಬುದ್ಧಿ ಐದು ವರ್ಷದ್ದು. ಮಾರುಕಟ್ಟೆಯ ಹಿಂದೆ ಪುರಸಭೆಯದೇ ಒಂದು ಕೋಣೆಯಲ್ಲಿ ಇಂಥ ಹನ್ನೆರಡು ಮಕ್ಕಳನ್ನು ಒಬ್ಬ ಟೀಚರಮ್ಮ ಹಗಲೆಲ್ಲ ನೋಡಿಕೊಳ್ಳುತ್ತಿದ್ದರು. ಗುಬ್ಬಿ ಗುಂಡಿ ಹಾಕಿಕೊಳ್ಳುವುದನ್ನು ಕಲಿತದ್ದು ಅಲ್ಲೇ. ಮೊದಲನೆಯ ಗುಂಡಿಗೆ ಒಂದು ವರ್ಷ ಹಿಡಿಯಿತು. ಅಕ್ಕ ಅವತ್ತು ಆಫೀಸಿಗೆ ರಜೆ ಹಾಕಿ, ಮಗಳು ಅದನ್ನು ಬಿಚ್ಚಿ ಹಾಕಿ ಮಾಡುವುದನ್ನೇ ನೋಡುತ್ತ ಕೂತಿದ್ದಳು.

ಆ ಕೋಣೆ ಮುಚ್ಚಿ ಕಸದ ಗಾಡಿಗಳಿಗೆ ಶೆಡ್ ಮಾಡಬೇಕೆಂದು ಅಧ್ಯಕ್ಷರು ಹೊರಟರು. ಅದಕ್ಕೆ ಊರವರ ಸಭೆಯ ಒಪ್ಪಿಗೆ ಬೇಕಿತ್ತು. ನಮ್ಮ ಬೀದಿಯಿಂದ ಎಪ್ಪತ್ತು ಜನ ಬೇಡವೆಂದು ಕೈ ಎತ್ತಲು ತಯಾರಿದ್ದೆವು. ಆದರೆ ಅಧ್ಯಕ್ಷರ ಕಡೆ ಎಂಬತ್ತು ಜನ ಬರುತ್ತಾರೆಂದು ಅಕ್ಕನ ಅಂದಾಜು. ಸಭೆ ನಡೆಯಬೇಕಾದರೆ ಕೋರಂಗೆ ನೂರು ಜನ ಬೇಕು. ಮನೆಯಲ್ಲಿದ್ದ ತನ್ನ ನಿಯಮದ ಪುಸ್ತಕವನ್ನು, ಅಂಚು ಹರಿದು ದಾರ ಹಾಕಿ ಹೊಲಿದಿದ್ದನ್ನು, ನನ್ನ ಮುಂದೆ ಬಿಡಿಸಿದಳು. ಕೋರಂ ಇಲ್ಲದಿದ್ದರೆ ಸಭೆ ಮುಂದಕ್ಕೆ ಹೋಗಬೇಕು. ಮತ್ತೆ ಏಳು ದಿನದ ನೋಟಿಸ್, ಮತ್ತೆ ನೂರು ಜನ. ಮೂರು ಸಲ ಹೀಗಾದರೆ ಆ ವರ್ಷಕ್ಕೆ ವಿಷಯವೇ ಬಿದ್ದುಹೋಗುತ್ತದೆ.

"ನೀವ್ಯಾರೂ ಬರಬೇಡಿ. ಮನೇಲೇ ಇರಿ, ಸಾಕು" ಎಂದಳು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಉಪಾಯ. ಗುಮಾಸ್ತೆಯಾಗಿ ಹೀಗೆ ಹೇಳಿಕೊಡುವುದು ತಪ್ಪೆಂದು ಅವಳಿಗೆ ಗೊತ್ತಿತ್ತು. ಆದರೂ ಮನೆಮನೆಗೆ ಹೋಗಿ ಹೇಳಿಬಂದಳು. ಕಲಮಕ್ಕನೇ ಹೇಳಿದ ಮೇಲೆ ಇನ್ನೇನು ಎಂದು ಎಲ್ಲರೂ ಒಪ್ಪಿದರು.

ಸಭೆಗೆ ಬಂದವರು ನಲವತ್ತೊಂದು ಜನ. ಅಧ್ಯಕ್ಷರು ಗಡಿಯಾರ ನೋಡಿ, ಕೋರಂ ಇಲ್ಲ, ಸಭೆಯನ್ನು ಅರ್ಧ ಗಂಟೆ ಮುಂದೂಡಿದ್ದೇನೆ, ಬರೆದುಕೊಳ್ಳಿ ಎಂದರು. ಏಳು ದಿನ ಆಗಬೇಕಲ್ಲವೇ ಎಂದು ಅಕ್ಕ ಕೇಳಿದಳು. ಅವರು ಆಫೀಸಿನ ಪುಸ್ತಕ ತೆಗೆದು ಅವಳ ಮುಂದಿಟ್ಟರು. ಕಲಂ ಹದಿನಾಲ್ಕರ ಮೇಲೆ ತಿದ್ದುಪಡಿಯ ಚೀಟಿ ಅಂಟಿಸಿತ್ತು: ಕೋರಂ ಇಲ್ಲದೆ ಮುಂದೂಡಿದ ಸಭೆಯನ್ನು ಅರ್ಧ ಗಂಟೆಯ ನಂತರ ನಡೆಸಬಹುದು, ಆಗ ಕೋರಂ ಬೇಕಿಲ್ಲ. ನಾಲ್ಕು ವರ್ಷದ ಹಿಂದೆ ಆ ಚೀಟಿ ಅಂಟಿಸಿದವಳು ಅಕ್ಕನೇ. ಒಂದೇ ದಿನ ಮೂವತ್ತು ಚೀಟಿ ಬಂದಿದ್ದವಂತೆ. ಗೋಂದು ಹಚ್ಚಿದ್ದಳು, ಓದಿರಲಿಲ್ಲ. ಓದುತ್ತಿದ್ದುದೆಲ್ಲ ಚೀಟಿ ಅಂಟಿಸದ ಮನೆಯ ಪುಸ್ತಕ.

ನನಗೆ ಫೋನ್ ಮಾಡಿದಳು. "ಎಲ್ರನ್ನೂ ಕರ್ಕೊಂಡ್ ಬಾರೋ, ಈಗಲೇ" ಎಂದಷ್ಟೇ ಹೇಳಿದಳು. ಭಾನುವಾರ. ಕೆಲವರು ಪೇಟೆಗೆ ಹೋಗಿದ್ದರು, ಕೆಲವರು ನೆಂಟರ ಮನೆಗೆ. ಬಾಗಿಲು ಬಾಗಿಲು ಬಡಿದು ಹದಿನಾಲ್ಕು ಜನರನ್ನು ಸೇರಿಸಿದೆ. ನಲವತ್ತೊಂದು ಕೈ ಒಂದು ಕಡೆ, ಹದಿನೈದು ಕೈ ಒಂದು ಕಡೆ. ಗುಮಾಸ್ತೆಗೆ ಕೈ ಎತ್ತುವ ಹಕ್ಕಿಲ್ಲ. ಎಪ್ಪತ್ತು ಜನ ಸುಮ್ಮನೆ ಬಂದು ಕೂತಿದ್ದರೆ ಗೆದ್ದೇ ಗೆಲ್ಲುತ್ತಿದ್ದೆವು. ಠರಾವನ್ನು ಅಕ್ಕ ಒಂದು ಅಕ್ಷರವೂ ತಪ್ಪದ ಹಾಗೆ ಬರೆದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ, ಸಮಾಧಾನದ ಒಂದು ಮಾತು ಆಡಲಿಲ್ಲ. ಅವಳ ಮೇಲೆ ಸಿಟ್ಟು ಬಂದಿತ್ತು. ಇವತ್ತಿಗೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಬೀದಿಯವರು ಅವಳನ್ನು ಏನೂ ಅನ್ನಲಿಲ್ಲ. ಕಲಮಕ್ಕ ಎಂದು ಕರೆಯುವುದನ್ನು ಮಾತ್ರ ಬಿಟ್ಟರು.

ಈಗ ಅಕ್ಕ ಆಫೀಸಿಗೆ ಹೋಗುವಾಗ ಗುಬ್ಬಿಯನ್ನು ಒಳಗೆ ಬಿಟ್ಟು ಬೀಗ ಹಾಕುತ್ತಾಳೆ. ಕೀಲಿಕೈ ದಿನವೂ ನನ್ನ ಕೈಗೆ ಕೊಟ್ಟು ಹೋಗುತ್ತಾಳೆ. ಅಂಗಡಿಯಿಂದ ಗಂಟೆಗೊಮ್ಮೆ ಹೋಗಿ ನೋಡಿಬರುತ್ತೇನೆ. ಮೊದಮೊದಲು ಗುಬ್ಬಿ ಬೆಳಿಗ್ಗೆ ಎದ್ದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅಕ್ಕ ದಿನವೂ ಒಂದೇ ಮಾತು ಹೇಳುತ್ತಿದ್ದಳು, ಇವತ್ತು ರಜೆ ಕಂದಾ, ನಾಳೆ ಹೋಗೋಣ. ನಿಜ ಹೇಳಿಬಿಡು ಎಂದು ನಾನು ಎಷ್ಟೋ ಸಲ ಹೇಳಿದೆ. ಅವಳ ಬಾಯಿಂದ ಅದು ಬರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನಾನು ಕೀಲಿಕೈ ತೆಗೆದುಕೊಳ್ಳಲು ಹೋದಾಗ ಗುಬ್ಬಿ ಬರಿಗಾಲಲ್ಲಿ ಕೂತಿದ್ದಳು. ಅಕ್ಕ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಗುಬ್ಬಿ ಅವಳ ಸೆರಗು ಹಿಡಿದು, ಅವಳನ್ನೇ ಸಮಾಧಾನ ಮಾಡುವವಳ ಹಾಗೆ ಹೇಳಿದಳು:

"ಅಳಬೇಡಮ್ಮ. ನಾಳೆ ಹೋಗೋಣ."