ತಳ ಕಾಣಿಸುವ ಮಲ್ಕಮ್ಮ

ಮೂಡಣ ಇನ್ನೂ ಕೆಂಪಾಗಿಲ್ಲ. ಅಫಜಲಪುರ ತಾಲ್ಲೂಕಿನ ಈ ಹಳ್ಳಿಯ ಹಿರೇಬಾವಿಯ ದಂಡೆಯಲ್ಲಿ ಎರಡು ಡೀಸೆಲ್ ಇಂಜಿನ್ನುಗಳು ಒಟ್ಟಿಗೇ ಗುಡುಗುತ್ತಿವೆ. ಮಲ್ಕಮ್ಮ ಕಚ್ಚೆ ಬಿಗಿದು, ಸೊಂಟಕ್ಕೆ ಹಗ್ಗ ಸುತ್ತಿ, ಮೆಟ್ಟಿಲ ಮೇಲೆ ಕೂತು ನೀರು ಇಳಿಯುವುದನ್ನೇ ನೋಡುತ್ತಿದ್ದಾರೆ. ಹನ್ನೆರಡು ವರ್ಷದಲ್ಲಿ ಆಳಂದದಿಂದ ಜೇವರ್ಗಿಯವರೆಗೆ ನೂರ ನಲವತ್ತು ಬಾವಿ ಬರಿದು ಮಾಡಿ ಹೂಳೆತ್ತಿದ ಗಟ್ಟಿಗಿತ್ತಿ ಇವರು. ಆದರೆ ಸ್ವಂತ ಊರಿನ ಈ ಬಾವಿ ಇವರನ್ನು ಎರಡು ಸಲ ಸೋಲಿಸಿ ಕಳಿಸಿದೆ.

"ಮೂರು ಸೆಲಿ ಅದಾವ್ರಿ ಇದಕ. ನಾವು ಎತ್ತೂದಕಿಂತ ಅದು ತುಂಬೂದೇ ಜಲ್ದಿ," ಎಂದು ನಗುತ್ತಾರೆ.

ಇವರು ಬಾವಿಗಿಳಿದ ಕಾರಣ ಮನೆಯಲ್ಲೇ ಇದೆ. 1966ರಲ್ಲಿ, ಮದುವೆಯಾಗಿ ಬಂದ ತಿಂಗಳಲ್ಲೇ, ಅತ್ತೆ ಸುಭದ್ರಾಬಾಯಿಯ ಹೆಸರು ಕೊರೆದ ತಾಮ್ರದ ಕೊಡ ಇದೇ ಬಾವಿಗೆ ಕೈಜಾರಿ ಬಿತ್ತು. ಮೂರು ದಿನ ಪಾತಾಳಗರಡಿಯ ಕೊಕ್ಕೆ ಇಳಿಸಿ ಆಡಿಸಿದರೂ ಸಿಗಲಿಲ್ಲ. ಸೊಸೆ ಅದನ್ನು ತವರಿಗೆ ದಾಟಿಸಿದಳು ಎಂದು ಅತ್ತೆ ತೀರ್ಮಾನಿಸಿಬಿಟ್ಟರು. ಇಪ್ಪತ್ತೆರಡು ವರ್ಷವಾಯಿತು, ಮನೆಗೆ ಯಾವ ಬೀಗರು ಬಂದರೂ ಚಹಾದ ಜೊತೆ ಕೊಡದ ಕಥೆಯೂ ಬರುತ್ತದೆ. ಕೇಳಿ ಕೇಳಿ ರೋಸಿಹೋದ ಮಲ್ಕಮ್ಮ ಬಾವಿಯ ತಳ ನೋಡುವ ಕೆಲಸವನ್ನೇ ಕಲಿತರು.

ಮೊದಲು ಕೆಸರಿನ ಬುಟ್ಟಿ ಹೊರುವ ಆಳು, ಈಗ ಆರು ಗಂಡಸರ ತಂಡಕ್ಕೆ ಯಜಮಾನಿ. ಕೆಲಸ ಕಲಿಸಿದ ಸಿಕಂದರ ಇಂದು ಇಂಜಿನ್ನು ನೋಡಿಕೊಳ್ಳುತ್ತಾರೆ. "ಹುಕುಂ ಎಲ್ಲಾ ಅಕಿದೇರಿ. ಕಂದೀಲು ಇಳಿಸಿ ನೋಡ್ತಾಳ. ದೀಪ ಆರಿತಂದ್ರ ಒಳಗ ಗಾಳಿ ಕೆಟ್ಟದಂತ ಒಬ್ಬರನ್ನೂ ಇಳೀಗೊಡಂಗಿಲ್ಲ."

ಬೇವಿನ ನೆರಳಲ್ಲಿ ಸುಭದ್ರಾಬಾಯಿಯೂ ಬೆಳಗಿನಿಂದ ಕೂತಿದ್ದಾರೆ. "ನನಗೇನ್ರಿ, ಗಾಳಿಗಿ ಬಂದೇನಿ," ಎನ್ನುತ್ತಾರೆ. ಕಣ್ಣು ಮಾತ್ರ ಬಾವಿ ಬಿಟ್ಟು ಕದಲುವುದಿಲ್ಲ.

ಮಧ್ಯಾಹ್ನಕ್ಕೆ ನೀರು ಮೊಣಕಾಲಿಗೆ ಇಳಿಯುತ್ತದೆ. ಇಂಜಿನ್ನು ಒಂದು ಗಳಿಗೆ ನಿಂತರೆ ಸೆಲೆಗಳು ಮತ್ತೆ ಗೆಲ್ಲುತ್ತವೆ, ಹಾಗಾಗಿ ಊಟಕ್ಕೂ ಯಾರೂ ಮೇಲೆ ಬರುವುದಿಲ್ಲ. ಮುನ್ನೂರಕ್ಕೂ ಹೆಚ್ಚು ಬುಟ್ಟಿ ಕೆಸರು, ಹನ್ನೊಂದು ತಂಬಿಗೆ, ತುಕ್ಕು ಹಿಡಿದ ಒಂದು ಬೀಗ ಮೇಲೆ ಬರುತ್ತವೆ. ನಾಲ್ಕು ಗಂಟೆಯ ಹೊತ್ತಿಗೆ ಕೊನೆಗೂ ಬಂಡೆ ಕಾಣುತ್ತದೆ. ಅದರ ಸಂದಿಯಲ್ಲಿ ಒಂದು ಹಸಿರುಗಟ್ಟಿದ ಕಂಠ. ಮಲ್ಕಮ್ಮ ಬೇರೆ ಯಾರನ್ನೂ ಮುಟ್ಟಗೊಡದೆ, ಕೈಯಿಂದಲೇ ಕೆಸರು ಬಗೆದು ಕೊಡ ಎತ್ತುತ್ತಾರೆ.

ಸುಭದ್ರಾಬಾಯಿಗೆ ಓದು ಬಾರದು. ಸೆರಗಿನಿಂದ ಕೊಡ ಒರೆಸಿ, ಸಿಕಂದರನ ಕೈಲಿ ಆ ಹೆಸರನ್ನು ಎರಡು ಸಲ ಓದಿಸುತ್ತಾರೆ. ಆಮೇಲೆ ಕೊಡ ಸೊಂಟಕ್ಕೇರಿಸಿಕೊಂಡು ಮನೆಗೆ ನಡೆಯುತ್ತಾರೆ.

ದಣಿದು ಜೋಲಿ ಹೊಡೆಯುತ್ತ ಮಲ್ಕಮ್ಮ ಅಂಗಳಕ್ಕೆ ಬರುವಾಗ ಬಚ್ಚಲಲ್ಲಿ ಬಿಸಿನೀರು ಕಾದಿದೆ. ಹುಣಸೆಹುಳಿ ಹಚ್ಚಿ ತಿಕ್ಕಿದ ಕೊಡ ಫಳಫಳ ಹೊಳೆಯುತ್ತಿದೆ. ಎಪ್ಪತ್ತರ ಅತ್ತೆ ಅದೇ ಕೊಡದಿಂದ ಸೊಸೆಯ ಬೆನ್ನಿಗೆ ನೀರು ಸುರಿಯುತ್ತಾರೆ.

"ತಪ್ಪು ನಂದೇ ಬೇ. ಇನ್ನ ಬಿಡು ಈ ಬಾವಿ ಕೆಲಸ. ಕೊಡ ಸಿಕ್ತಲ್ಲ."

ಮುಖದ ಕೆಸರು ತೊಳೆದುಕೊಳ್ಳುತ್ತ ಮಲ್ಕಮ್ಮ ನಗುತ್ತಾರೆ. "ನಾಳೆ ಜೇವರ್ಗಿಗಿ ಹೋಗೂದದ, ಅತ್ತಿ. ಇನ್ನೂ ಎಷ್ಟು ಮಂದಿ ಸೊಸ್ತೇರ ಕೊಡ ಒಳಗ ಬಿದ್ದಾವೋ."